ರೇಯಿಂದ ಸಾಗೆ ಇಳಿದ ರೈಲು

ಮಕ್ಕಳೇ, ಹೋದ ತಿಂಗಳು ನಾನೊಂದು ತಪ್ಪು ಎಂಟ್ರಿ ಮಾಡಿದೆ. ಬ್ಯಾಂಕಿನ ಲೆಜ್ಜರಿನಲ್ಲಲ್ಲ, ಮೊಮ್ಮಗಳ ತಲೆಯಲ್ಲಿ!

ಕುಂದಗೋಳ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದೆವು. ಅಷ್ಟರಲ್ಲಿ ನಿಲ್ಲದ ಗಾಡಿಯೊಂದು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಬರುವಾಗ ಏರಿದ್ದ ದನಿ ನಮ್ಮನ್ನು ದಾಟಿದೊಡನೆ ಇಳಿಯಿತು.

"ಅಜ್ಜಾ, ದನಿ ಯಾಕ ಇಳೀತು?"

"ಸ್ಟೇಷನ್ ದಾಟ್ತಲ್ಲ, ಡ್ರೈವರ್ ಇಳಿಸಿದ" ಎಂದೆ, ಎಲ್ಲ ಬಲ್ಲವನಂತೆ.

ನಮ್ಮ ಗಾಡಿ ಬಂತು. ಎಂಜಿನ್ನಿನ ಹಿಂದಿನ ಡಬ್ಬಿಯಲ್ಲೇ ಕುಳಿತೆವು. ದಾರಿಯಲ್ಲಿ ಎಷ್ಟು ಗೇಟು ದಾಟಿದರೂ ಹಾರ್ನಿನ ಸ್ವರ ಒಂದೇ. "ಅಜ್ಜಾ, ಈ ಡ್ರೈವರ್ ಇಳಿಸೂದೇ ಇಲ್ಲಲ್ಲ!" ಎಂದಳು. ನಾನು ಕಿಟಕಿಯ ಕಡೆ ನೋಡಿದೆ. ಮನೆಗೆ ಬಂದು ವಿಜ್ಞಾನದ ಪುಸ್ತಕ ತೆಗೆದೆ.

ದನಿ ಎಂದರೆ ಗಾಳಿಯಲ್ಲಿ ಸಾಲಾಗಿ ಬರುವ ಅಲೆಗಳು. ಸೆಕೆಂಡಿಗೆ ಹೆಚ್ಚು ಅಲೆ ಕಿವಿಗೆ ಬಂದರೆ ಸ್ವರ ಏರು, ಕಡಿಮೆ ಬಂದರೆ ಇಳಿ. ಗಾಡಿ ನಮ್ಮ ಕಡೆ ಬರುವಾಗ ಪ್ರತಿ ಅಲೆಯೂ ಹಿಂದಿನದಕ್ಕಿಂತ ಹತ್ತಿರದಿಂದ ಹೊರಡುತ್ತದೆ. ಹಾಗಾಗಿ ಅಲೆಗಳು ಒತ್ತೊತ್ತಾಗಿ ಬರುತ್ತವೆ. ದೂರ ಹೋಗುವಾಗ ಅಲೆಗಳ ನಡುವೆ ಅಂತರ ಬೀಳುತ್ತದೆ. ಗಾಡಿಯೊಳಗೆ ಕುಳಿತವರ ಜೊತೆಗೇ ಹಾರ್ನೂ ಓಡುತ್ತದೆ, ಆದ್ದರಿಂದ ಅವರಿಗೆ ಸ್ವರ ಬದಲಾಗದು.

ಆಸ್ಟ್ರಿಯಾದ ಡಾಪ್ಲರ್ 1842ರಲ್ಲಿ ಈ ತತ್ವ ಹೇಳಿದ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬಲ್ಲೋಟ್ ಕಹಳೆ ಊದುವವರನ್ನು ರೈಲಿಗೆ ಹತ್ತಿಸಿ, ಹಳಿಯ ಪಕ್ಕ ಸಂಗೀತಗಾರರನ್ನು ನಿಲ್ಲಿಸಿ, ಸ್ವರ ಗುರುತಿಸಲು ಹೇಳಿ ಪರೀಕ್ಷಿಸಿದ.

ಗುಮಾಸ್ತನಾದವನು ಲೆಕ್ಕ ಹಾಕದೆ ಬಿಟ್ಟೇನೇ? ಗಾಡಿಯ ವೇಗ ಗಂಟೆಗೆ 72 ಕಿ.ಮೀ. ಎನ್ನಿ, ಅಂದರೆ ಸೆಕೆಂಡಿಗೆ 20 ಮೀಟರ್. ದನಿಯ ವೇಗ ಸುಮಾರು 340 ಮೀಟರ್. ಹಾರ್ನ್ ಸೆಕೆಂಡಿಗೆ 320 ಅಲೆ ಕಳಿಸಿದರೆ, ಬರುವಾಗ ಕಿವಿಗೆ 340, ಹೋಗುವಾಗ ಸುಮಾರು 302. ಇದು ಒಂಬತ್ತಕ್ಕೆ ಎಂಟರ ಪ್ರಮಾಣ. ಶುದ್ಧ ರೇಗೂ ಸಾಗೂ ಇರುವ ಪ್ರಮಾಣವೂ ಅದೇ!

ಸವಾಯಿ ಗಂಧರ್ವರ ಊರು ಕುಂದಗೋಳ. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲೇ ಬರುತ್ತಿದ್ದರು. ಅಂಥ ಊರಲ್ಲಿ ರೈಲೂ ರೇಯಿಂದ ಸಾಗೆ ಇಳಿದರೆ ಚೆಂದವೇ.

ಲೆಜ್ಜರಿನಲ್ಲಿ ತಪ್ಪನ್ನು ಅಳಿಸುವಂತಿರಲಿಲ್ಲ. ಕಾಣುವಂತೆ ಹೊಡೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕಿತ್ತು. ಮೊಮ್ಮಗಳನ್ನು ಕರೆದು, "ಅವತ್ತು ನಾ ಹೇಳಿದ್ದು ತಪ್ಪವ್ವಾ" ಎಂದೆ. "ನನಗ ಆವತ್ತೇ ಗೊತ್ತಾಗಿತ್ತು ಅಜ್ಜಾ" ಎಂದು ನಕ್ಕಳು.

ನೀವೂ ಕೇಳಿ ನೋಡಿ. ಆದರೆ ಪ್ಲಾಟ್‌ಫಾರ್ಮಿನ ಅಂಚಿನಿಂದ ದೂರ, ದೊಡ್ಡವರ ಕೈ ಹಿಡಿದು.