ಟೈಮ್‌ಶೀಟ್‌ಗೆ ಇಳಿಯದ ಗಂಟೆಗಳು

ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿಯಂಥ ದೊಡ್ಡ ಸಲಹಾ ಸಂಸ್ಥೆ ಸೇರಿದವರು ಮೊದಲು ಕಲಿಯುವ ಕೆಲಸಗಳಲ್ಲೊಂದು ಟೈಮ್‌ಶೀಟ್ ತುಂಬುವುದು. ಯಾವ ಕ್ಲೈಂಟ್‌ಗೆ ಎಷ್ಟು ಗಂಟೆ ದುಡಿದರೆಂದು ಕೋಡ್ ಸಮೇತ ನಮೂದಿಸಬೇಕು. ಸಿಬ್ಬಂದಿಯ ಸಮಯವನ್ನೇ ಮಾರುವ ಉದ್ಯಮವಿದು. ಗಂಟೆಯ ಲೆಕ್ಕ ಇಲ್ಲಿ ಬಹಳ ಬಿಗಿ. ಆದರೂ ನಡುರಾತ್ರಿಯವರೆಗೆ ಸ್ಲೈಡ್ ತಿದ್ದಿದವರ ಟೈಮ್‌ಶೀಟ್‌ನಲ್ಲಿ ಎಷ್ಟೋ ಸಲ ಎಂಟೇ ಗಂಟೆ ಇರುತ್ತದೆ.

ಕಾರಣ ವ್ಯವಹಾರದಲ್ಲೇ ಇದೆ. ಪೈಪೋಟಿಯಲ್ಲಿ ಕೆಲಸ ಗಿಟ್ಟಿಸಲು ಸಂಸ್ಥೆ ಶುಲ್ಕ ಇಳಿಸುತ್ತದೆ. ಇಷ್ಟು ಜನ, ಇಷ್ಟು ಗಂಟೆ ಎಂದು ಆಗಲೇ ಗೆರೆ ಎಳೆದಾಗಿರುತ್ತದೆ. ಕ್ಲೈಂಟ್ ಕೊನೇ ಗಳಿಗೆಯಲ್ಲಿ ವರದಿ ಬದಲಿಸಿ ಎಂದರೆ ಗಂಟೆಗಳು ಗೆರೆ ದಾಟುತ್ತವೆ. ಅವನ್ನು ಇದ್ದದ್ದು ಇದ್ದಂತೆ ಬರೆದರೆ ಪ್ರಾಜೆಕ್ಟ್‌ನ ಲಾಭ ತಗ್ಗುತ್ತದೆ, ಮ್ಯಾನೇಜರ್ ಉತ್ತರ ಹೇಳಬೇಕಾಗುತ್ತದೆ. ಅಪ್ರೈಸಲ್ ಬರೆಯುವವರೂ ಅದೇ ಮ್ಯಾನೇಜರ್. ಕಿರಿಯರು ಹೆಚ್ಚುವರಿ ಗಂಟೆಗಳನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಬಿಲ್ ಮಾಡಬಹುದಾದ ಕೆಲಸ ಸಿಗದೆ ಬೆಂಚ್ ಮೇಲೆ ಕೂರುವ ಭಯ ಇನ್ನೊಂದು ಕಡೆ. ಮೇಲೆ ಕೆಲವೇ ಪಾರ್ಟ್ನರ್‌ಗಳು, ಕೆಳಗೆ ನೂರಾರು ಕಿರಿಯರು. ಲಾಭ ಹಂಚಿಕೆಯಾಗುವುದು ಮೇಲಿನವರ ನಡುವೆ.

ಇಲ್ಲಿ ಕಲಿಯುವುದಕ್ಕೆ ಬಹಳಷ್ಟಿದೆ ಎಂಬುದೂ ನಿಜ. ಇಪ್ಪತ್ತಮೂರರ ಹುಡುಗಿಯೊಬ್ಬಳು ಒಂದೇ ವರ್ಷದಲ್ಲಿ ಬ್ಯಾಂಕು, ಆಸ್ಪತ್ರೆ, ಸಿಮೆಂಟ್ ಕಾರ್ಖಾನೆಗಳ ಒಳಗನ್ನು ನೋಡಬಲ್ಲಳು. ಆ ಆಸೆಗಾಗಿಯೇ ಯುವಜನ ಎಲ್ಲವನ್ನೂ ಸಹಿಸುತ್ತಾರೆ.

ಈ ಸಹನೆಯ ಬಗ್ಗೆ ದೇಶ ಮಾತಾಡಿದ್ದು 2024ರಲ್ಲಿ. ಇವೈ ಸಮೂಹದ ಪುಣೆ ಕಚೇರಿಯ ಆಡಿಟ್ ವಿಭಾಗ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಆ ಜುಲೈನಲ್ಲಿ ತೀರಿಕೊಂಡರು. ಮಗಳ ಸಾವಿಗೆ ಕೆಲಸದ ಹೊರೆಯೇ ಕಾರಣವೆಂದು ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಪತ್ರ ಬರೆದರು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಆನಂತರ ಕಚೇರಿಗೆ ಹೋದ ಮಹಾರಾಷ್ಟ್ರದ ಕಾರ್ಮಿಕ ಇಲಾಖೆಗೆ ಗೊತ್ತಾದದ್ದೇನೆಂದರೆ, 2007ರಿಂದ ನಡೆಯುತ್ತಿದ್ದ ಆ ಕಚೇರಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯನ್ನೇ ಪಡೆದಿರಲಿಲ್ಲ. ದಿನದ ದುಡಿಮೆಗೆ ಮಿತಿ ಹಾಕುವ ಕಾಯ್ದೆ ಅದೇ. ಅಷ್ಟು ವರ್ಷ ಕಚೇರಿ ಹಾಗೆಯೇ ನಡೆದದ್ದು ಕ್ಷಮಿಸುವಂಥದ್ದಲ್ಲ.

ಕರ್ನಾಟಕದಲ್ಲಿ ಇಂಥದೇ ಕಾಯ್ದೆ 1961ರದ್ದು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಅದರ ಮಿತಿ. ಓವರ್‌ಟೈಮ್ ಸೇರಿ ದಿನಕ್ಕೆ ಹತ್ತು ಮೀರಬಾರದು. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ದಿನದ ಮಿತಿಯನ್ನು ಹತ್ತು ಗಂಟೆಗೆ, ಓವರ್‌ಟೈಮ್ ಸೇರಿ ಹನ್ನೆರಡಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಐಟಿ ನೌಕರರ ಸಂಘ ವಿರೋಧಿಸಿತು, ವಿರೋಧಿಸಬೇಕಾದದ್ದೇ. ಆದರೆ ಆ ಚರ್ಚೆಯಲ್ಲಿ ಹಿಂದೆ ಬಿದ್ದ ಪ್ರಶ್ನೆ ಬೇರೆ: ಈಗಿರುವ ಹತ್ತು ಗಂಟೆ ಮೀರುತ್ತಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? ಬಿಲ್‌ಗಾಗಿ ತುಂಬಿದ ಟೈಮ್‌ಶೀಟ್ ಅದಕ್ಕೆ ಸಾಕ್ಷಿಯಾಗದು.

ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ಇದನ್ನೇ ಎತ್ತಿಕೊಂಡಿತು. ಪ್ರತಿ ನೌಕರರ ದಿನದ ದುಡಿಮೆಯನ್ನು ಅಳೆಯುವ ನಂಬಲರ್ಹ ವ್ಯವಸ್ಥೆ ಕಡ್ಡಾಯವಾಗಬೇಕು, ಅದಿಲ್ಲದೆ ಮಿತಿ ಮೀರಿದ್ದನ್ನು ಸಾಬೀತುಪಡಿಸುವುದು ನೌಕರರಿಗೆ ತೀರಾ ಕಷ್ಟ, ಬಹುಮಟ್ಟಿಗೆ ಅಸಾಧ್ಯದ ಮಾತು ಎಂದಿತು. ಸ್ಪೇನ್ ಆ ವರ್ಷವೇ ದಾಖಲೆಯನ್ನು ಕಡ್ಡಾಯ ಮಾಡಿತು. 2022ರ ನವೆಂಬರ್‌ನಲ್ಲಿ ಅಲ್ಲಿನ ಕಾರ್ಮಿಕ ತನಿಖಾಧಿಕಾರಿಗಳು ಓವರ್‌ಟೈಮ್ ಪರಿಶೀಲನೆಗೆಂದು ಮ್ಯಾಡ್ರಿಡ್‌ನಲ್ಲಿ ಮೊದಲು ಹೆಸರಿಸಿದ ನಾಲ್ಕೂ ಸಂಸ್ಥೆಗಳ ಕಚೇರಿಗಳಿಗೆ ಏಕಾಏಕಿ ಭೇಟಿ ಕೊಟ್ಟರು.

ಬೆಂಗಳೂರಿನಲ್ಲಿ ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಬಾಗಿಲಲ್ಲಿ ಉಜ್ಜಿದ ಕಾರ್ಡ್, ಲ್ಯಾಪ್‌ಟಾಪ್ ತೆರೆದ ಮತ್ತು ಮುಚ್ಚಿದ ಹೊತ್ತು ಸಂಸ್ಥೆಗಳ ಸರ್ವರ್‌ನಲ್ಲಿ ದಾಖಲಾಗುತ್ತಲೇ ಇರುತ್ತವೆ. ಕ್ಲೈಂಟ್ ಬಿಲ್‌ಗೆ ಸಂಬಂಧವಿಲ್ಲದ ದುಡಿಮೆಯ ದಾಖಲೆಯನ್ನು ಪ್ರತಿ ತಿಂಗಳೂ ನೌಕರರ ಕೈಗೆ ಕೊಡಬೇಕೆಂದು ಕಾರ್ಮಿಕ ಇಲಾಖೆ ನಿಯಮ ಮಾಡಲಿ. ಗಂಟೆಯ ಮಿತಿ ಏರಿಸುವ ಮಾತು ಆಮೇಲೆ.