ಮೊದಲ ಮೆಟ್ಟಿಲಿನ ಬೆಲೆ ತೆರುವವರು ಯಾರು?

ಬೆಂಗಳೂರು: ಸಾಫ್ಟ್‌ವೇರ್ ಕಂಪೆನಿಗಳ ತ್ರೈಮಾಸಿಕ ಫಲಿತಾಂಶ ಹೊರಬಿದ್ದಾಗಲೆಲ್ಲ ಹೊಸಬರ ನೇಮಕಾತಿಯ ಸಂಖ್ಯೆ ಸುದ್ದಿಯಾಗುತ್ತದೆ. ಇಷ್ಟು ಸಾವಿರ ಮಂದಿಗೆ ಕೆಲಸ ಎಂಬ ತಲೆಬರಹ ಓದಿದ ಪೋಷಕರು ನಿಟ್ಟುಸಿರು ಬಿಡುತ್ತಾರೆ. ಆದರೆ ಎಂಜಿನಿಯರಿಂಗ್ ಪದವಿ ಮುಗಿಸಿ, ಮಾರತ್‌ಹಳ್ಳಿ, ಬಿಟಿಎಂ ಬಡಾವಣೆಯ ಪಿಜಿಗಳಲ್ಲಿ ಸಂದರ್ಶನದ ಕರೆಗಾಗಿ ಕಾದು ಕುಳಿತ ಯುವಕ ಯುವತಿಯರ ಲೆಕ್ಕ ಆ ತಲೆಬರಹಗಳಲ್ಲಿ ಇರುವುದಿಲ್ಲ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಹಳೆಯ ಒಗಟು ಇವರ ಪಾಲಿಗೆ ಮತ್ತಷ್ಟು ಕಗ್ಗಂಟಾಗಿದೆ.

ಸಮಸ್ಯೆ ಕೇವಲ ಹುದ್ದೆಗಳ ಕೊರತೆಯದಲ್ಲ. ಹೊಸಬನನ್ನು ಕೆಲಸಗಾರನನ್ನಾಗಿ ರೂಪಿಸಲು ತಗಲುವ ವೆಚ್ಚವನ್ನು ಒಂದು ಕಾಲದಲ್ಲಿ ಉದ್ಯಮವೇ ಭರಿಸುತ್ತಿತ್ತು. ಅದೀಗ ಸದ್ದಿಲ್ಲದೆ ಅಭ್ಯರ್ಥಿಯ ಹಾಗೂ ಆತನ ಕುಟುಂಬದ ಹೆಗಲಿಗೆ ವರ್ಗಾವಣೆಯಾಗುತ್ತಿದೆ.

ಕಲಿಸಿ ದುಡಿಸಿಕೊಂಡ ಕಾಲ

ಎರಡು ದಶಕಗಳ ಹಿಂದೆ ಕಂಪೆನಿಗಳು ಅಭ್ಯರ್ಥಿಯಲ್ಲಿ ಹುಡುಕುತ್ತಿದ್ದುದು ಕಲಿಯುವ ಸಾಮರ್ಥ್ಯವನ್ನು. ಸಿವಿಲ್, ಮೆಕ್ಯಾನಿಕಲ್ ಪದವೀಧರರೂ ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ, ಸಂಬಳ ಪಡೆಯುತ್ತಲೇ ಪ್ರೋಗ್ರಾಮಿಂಗ್ ಕಲಿತರು. ಮೈಸೂರಿನಲ್ಲಿ ಇನ್ಫೊಸಿಸ್ 300 ಎಕರೆಗೂ ಮೀರಿದ ಜಾಗದಲ್ಲಿ ತರಬೇತಿ ಕೇಂದ್ರ ಕಟ್ಟಿದ್ದು ಈ ನಂಬಿಕೆಯ ಮೇಲೆಯೇ. ತರಬೇತಿ ಮುಗಿಸಿದವರಲ್ಲಿ ಒಂದಷ್ಟು ಜನ ಯೋಜನೆ ಸಿಗುವವರೆಗೆ ಬೆಂಚಿನಲ್ಲಿ ಕಾಯುವುದು ಸಹಜವೆನಿಸಿತ್ತು.

ಕೊರೊನಾ ನಂತರದ ಡಿಜಿಟಲ್ ಬೇಡಿಕೆ ಈ ವ್ಯವಸ್ಥೆಯನ್ನು ತುತ್ತತುದಿಗೆ ಏರಿಸಿತು. 2021-22ರ ಹಣಕಾಸು ವರ್ಷದಲ್ಲಿ ಟಿಸಿಎಸ್ ಸುಮಾರು ಒಂದು ಲಕ್ಷ, ಇನ್ಫೊಸಿಸ್ ಸುಮಾರು 85 ಸಾವಿರ ಹೊಸಬರನ್ನು ಸೇರಿಸಿಕೊಂಡವು. ಏರಿದ್ದು ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಅಮೆರಿಕದಲ್ಲಿ ಬಡ್ಡಿದರ ಏರಿತು, ಗ್ರಾಹಕ ಕಂಪೆನಿಗಳು ಖರ್ಚಿಗೆ ಕತ್ತರಿ ಹಾಕಿದವು. 2023-24ರಲ್ಲಿ ಇನ್ಫೊಸಿಸ್ ಸೇರಿಸಿಕೊಂಡ ಹೊಸಬರು 11,900 ಮಾತ್ರ. ಅದೇ ವರ್ಷ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರ ಒಟ್ಟು ಸಿಬ್ಬಂದಿ ಬಲ ಸುಮಾರು 64 ಸಾವಿರದಷ್ಟು ಕುಗ್ಗಿತು.

ನಂತರ ಚೇತರಿಕೆ ಕಂಡದ್ದು ನಿಜ. 2024-25ರಲ್ಲಿ ಟಿಸಿಎಸ್ 42 ಸಾವಿರ, ಇನ್ಫೊಸಿಸ್ 15 ಸಾವಿರ ಹೊಸಬರಿಗೆ ಅವಕಾಶ ನೀಡಿದವು. ಬಾಗಿಲು ಮುಚ್ಚಿಲ್ಲ, ಆದರೆ ಒಳಹೋಗುವ ಷರತ್ತುಗಳು ಬದಲಾಗಿವೆ.

ಕಾಯುವಿಕೆಯ ದಂಡ

ಮೊದಲ ಷರತ್ತು ಕಾಯುವಿಕೆ. 2022ರಲ್ಲಿ ಆಫರ್ ಪತ್ರ ಪಡೆದ ಅನೇಕರು ಕೆಲಸಕ್ಕೆ ಹಾಜರಾಗಲು ಎರಡು ವರ್ಷ ಕಾಯಬೇಕಾಯಿತು. 2023ರ ಫೆಬ್ರುವರಿಯಲ್ಲಿ ವಿಪ್ರೊ, ವಾರ್ಷಿಕ 6.5 ಲಕ್ಷ ರೂಪಾಯಿ ಸಂಬಳದ ಭರವಸೆ ಪಡೆದಿದ್ದ ಅಭ್ಯರ್ಥಿಗಳ ಮುಂದೆ 3.5 ಲಕ್ಷಕ್ಕೆ ಒಪ್ಪುವ ಆಯ್ಕೆಯನ್ನಿಟ್ಟಿತು. 2025ರ ಫೆಬ್ರುವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರದಿಂದ 300ಕ್ಕೂ ಹೆಚ್ಚು ಮಂದಿಯನ್ನು ಇನ್ಫೊಸಿಸ್ ಹೊರಕಳುಹಿಸಿತು. ಮೂರು ಅವಕಾಶ ನೀಡಿದರೂ ಆಂತರಿಕ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ, ಈ ಷರತ್ತು ಒಪ್ಪಂದದಲ್ಲೇ ಇತ್ತು ಎಂಬುದು ಕಂಪೆನಿಯ ವಿವರಣೆ. ಅವರಲ್ಲಿ ಅನೇಕರು ಎರಡು ವರ್ಷ ಕಾದು ಕೆಲವೇ ತಿಂಗಳ ಹಿಂದೆ ಸೇರಿದವರು ಎಂಬುದು ಕಾರ್ಮಿಕ ಸಂಘಟನೆಯ ಆಕ್ಷೇಪ.

ಯಾರು ಸರಿ ಎಂಬ ವಾದ ಏನೇ ಇರಲಿ, ಕಾಯುವಿಕೆಯ ನಿಜವಾದ ನಷ್ಟ ಬೇರೆಡೆ ಇದೆ. ಬಹುತೇಕ ನೇಮಕಾತಿ ಅಭಿಯಾನಗಳು ಪದವಿ ಮುಗಿಸಿದ ವರ್ಷವನ್ನು ಮೊದಲ ಜರಡಿಯಾಗಿ ಬಳಸುತ್ತವೆ. ಆ ವರ್ಷದ ಬ್ಯಾಚ್‌ಗೆ ಮಾತ್ರ ಅರ್ಜಿ ಸಲ್ಲಿಸಲು ಅವಕಾಶ. ಆಫರ್ ಪತ್ರವನ್ನು ನಂಬಿ ಬೇರೆ ಪ್ರಯತ್ನ ಕೈಬಿಟ್ಟ ಅಭ್ಯರ್ಥಿಗೆ, ಆ ಪತ್ರ ಕೈಕೊಟ್ಟ ದಿನ ಉಳಿದ ಬಾಗಿಲುಗಳೂ ಮುಚ್ಚಿರುತ್ತವೆ. ತಾನು ಮಾಡದ ತಪ್ಪಿಗೆ ಆತನ ಬಯೋಡೇಟಾದಲ್ಲಿ ಎರಡು ಖಾಲಿ ವರ್ಷಗಳು ಉಳಿಯುತ್ತವೆ. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಶೇ 60 ಅಂಕ ಕೇಳುವ ಮತ್ತೊಂದು ಜರಡಿ, ಕನ್ನಡ ಮಾಧ್ಯಮದಲ್ಲಿ ಓದಿ ತಡವಾಗಿ ಚೇತರಿಸಿಕೊಂಡ ಜಿಲ್ಲಾ ಕೇಂದ್ರದ ವಿದ್ಯಾರ್ಥಿಯನ್ನು ಸಂದರ್ಶನಕ್ಕೂ ಮುನ್ನವೇ ಹೊರಗಿಡುತ್ತದೆ.

ಯಂತ್ರ ಬರೆಯುವ ಕೋಡ್

ಎರಡನೆಯ ಬದಲಾವಣೆ ಕೆಲಸದ ಸ್ವರೂಪದಲ್ಲೇ ಆಗಿದೆ. ಸಣ್ಣಪುಟ್ಟ ದೋಷ ಸರಿಪಡಿಸುವುದು, ಪರೀಕ್ಷಾ ಕೋಡ್ ಬರೆಯುವುದು, ವರದಿಯ ನಮೂನೆ ಬದಲಿಸುವುದು ಇವೇ ಕಿರಿಯ ಡೆವಲಪರ್‌ನ ಮೊದಲ ವರ್ಷದ ಪಾಠಗಳಾಗಿದ್ದವು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಇಂತಹ ಕೆಲಸವನ್ನು ಹಿರಿಯ ತಂತ್ರಜ್ಞರು ಯಂತ್ರದಿಂದಲೇ ಮಾಡಿಸಿಕೊಳ್ಳತೊಡಗಿದ್ದಾರೆ. ಗೂಗಲ್‌ನ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕೂ ಹೆಚ್ಚು ಕೃತಕ ಬುದ್ಧಿಮತ್ತೆಯಿಂದ ಸಿದ್ಧವಾಗಿ ಎಂಜಿನಿಯರ್‌ಗಳಿಂದ ಪರಿಶೀಲನೆಗೊಳ್ಳುತ್ತಿದೆ ಎಂದು ಮುಖ್ಯಸ್ಥ ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲೇ ತಿಳಿಸಿದ್ದರು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ 22ರಿಂದ 25 ವರ್ಷದ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ ಪ್ರಮಾಣ 2022ರ ಅಂತ್ಯದ ಗರಿಷ್ಠ ಮಟ್ಟದಿಂದ ಸುಮಾರು ಶೇ 20ರಷ್ಟು ಕುಸಿದಿದೆ. ಹಿರಿಯರ ಉದ್ಯೋಗ ಹೀಗೆ ಕುಸಿದಿಲ್ಲ. ಇದಕ್ಕೆಲ್ಲ ಯಂತ್ರವೊಂದೇ ಕಾರಣ ಎನ್ನಲಾಗದು. ಕೊರೊನಾ ಕಾಲದ ಅತಿ ನೇಮಕಾತಿಯ ಪಾಲೂ ಇದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂದು ಹೊಸಬರನ್ನು ಬೆಳೆಸದಿದ್ದರೆ ಹತ್ತು ವರ್ಷಗಳ ನಂತರ ಯಂತ್ರದ ಕೋಡ್ ಪರಿಶೀಲಿಸುವ ಹಿರಿಯರು ಎಲ್ಲಿಂದ ಬರಬೇಕು?

ಖರ್ಚು ಯಾರ ಹೆಗಲಿಗೆ?

ಬೆಂಚಿನ ಕಾಲವೂ ಮುಗಿಯುತ್ತಿದೆ. 2025ರ ಜೂನ್‌ನಲ್ಲಿ ಟಿಸಿಎಸ್ ಯೋಜನೆಯಿಲ್ಲದೆ ಇರಬಹುದಾದ ಅವಧಿಯನ್ನು ವರ್ಷಕ್ಕೆ 35 ದಿನಗಳಿಗೆ ಮಿತಿಗೊಳಿಸಿತು. ಮೊದಲ ದಿನದಿಂದಲೇ ಕೆಲಸಕ್ಕೆ ಒದಗುವವರೇ ಬೇಕು ಎಂಬುದು ಇದರ ಇಂಗಿತ. ಹಾಗೆ ಸಿದ್ಧಗೊಳಿಸುವವರು ಯಾರು? ಕಾಲೇಜಿನ ಪಠ್ಯಕ್ರಮ ಅಷ್ಟು ವೇಗವಾಗಿ ಬದಲಾಗುವುದಿಲ್ಲ. ಹೀಗಾಗಿ ಪದವಿಗೆ ಲಕ್ಷಗಟ್ಟಲೆ ಸುರಿದ ಕುಟುಂಬ, ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಮತ್ತೆ ಶುಲ್ಕ ಕಟ್ಟುತ್ತದೆ. ಪಿಜಿ ಬಾಡಿಗೆ, ಊಟದ ಖರ್ಚು ಪ್ರತ್ಯೇಕ. ಇನ್ನೂ ಹತಾಶರಾದವರು ಹಣ ಪಡೆದು ಕೆಲಸ ಕೊಡಿಸುವ, ನಕಲಿ ಅನುಭವ ಪತ್ರ ಮಾರುವ ದಂಧೆಕೋರರ ಬಲೆಗೆ ಬೀಳುತ್ತಾರೆ. ಹಿನ್ನೆಲೆ ಪರಿಶೀಲನೆಯಲ್ಲಿ ಅದು ಬಯಲಾದರೆ ಇದ್ದ ಕೆಲಸವೂ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಗಿಟ್ಟಿಸಿದ ಮೊದಲ ಸಂಬಳವಾದರೂ ಎಷ್ಟು? ದೊಡ್ಡ ಸೇವಾ ಕಂಪೆನಿಗಳ ಸಾಮಾನ್ಯ ಹುದ್ದೆಯಲ್ಲಿ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹದಿನೈದು ವರ್ಷಗಳ ಹಿಂದೆ ಇದು ಮೂರು ಲಕ್ಷ ದಾಟಿತ್ತು. ಈ ಅವಧಿಯಲ್ಲಿ ಬೆಂಗಳೂರಿನ ಬಾಡಿಗೆ ಎಷ್ಟು ಏರಿದೆ ಎಂಬುದನ್ನು ನಗರವಾಸಿಗಳಿಗೆ ಹೇಳಬೇಕಿಲ್ಲ. ಕೋಡಿಂಗ್ ಸ್ಪರ್ಧೆಗಳಲ್ಲಿ ಮಿಂಚುವ ಕೆಲವರಿಗೆ ಒಂಬತ್ತು ಲಕ್ಷಕ್ಕೂ ಮೀರಿದ ಹುದ್ದೆಗಳಿವೆ. ಮೇಲಿನ ತುದಿ ಮತ್ತು ಕೆಳಗಿನ ತಳದ ನಡುವೆ ಅಂತರ ಹಿಗ್ಗುತ್ತಿದೆ.

ಇತ್ತ ಸೀಟುಗಳ ಸಂಖ್ಯೆ ಮಾತ್ರ ಏರುತ್ತಲೇ ಇದೆ. ಉತ್ತಮ ಸಾಧನೆಯ ಕಾಲೇಜುಗಳಿಗಿದ್ದ ವಿಭಾಗವಾರು ಪ್ರವೇಶ ಮಿತಿಯನ್ನು ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಕಂಪ್ಯೂಟರ್ ಸೈನ್ಸ್ ಬೇಕೆಂಬ ನೂಕುನುಗ್ಗಲಿಗೆ ಇದು ಇಂಬು ನೀಡಿತು.

ಆಗಬೇಕಾದುದೇನು?

ರಾಜ್ಯದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3 ಸಾವಿರ ರೂಪಾಯಿಯಂತೆ ಗರಿಷ್ಠ ಎರಡು ವರ್ಷ ನೆರವು ನೀಡುತ್ತದೆ. ಅದು ಆಸರೆಯೇ ಹೊರತು ಅನುಭವವಲ್ಲ. ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಭತ್ಯೆಯ ಅರ್ಧ ಭಾಗವನ್ನು ಕೇಂದ್ರವೇ ಭರಿಸುತ್ತದೆ. ಸಾಫ್ಟ್‌ವೇರ್ ಕಂಪೆನಿಗಳು ಇದನ್ನು ವ್ಯಾಪಕವಾಗಿ ಬಳಸಿಕೊಂಡರೆ ಕಲಿಕೆಯ ವೆಚ್ಚ ಮತ್ತೆ ಹಂಚಿಕೆಯಾಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಆದರೆ ಆ ರಕ್ಷಣೆ ಕೆಲಸಕ್ಕೆ ಸೇರಿದವರಿಗೆ. ಆಫರ್ ಪತ್ರ ಹಿಡಿದು ಹೊರಗೆ ನಿಂತವರಿಗೂ ಒಂದು ಕಾಲಮಿತಿಯ ಖಾತರಿ ಬೇಕು. ಕನಿಷ್ಠ, ಕಾಯಿಸಿದ ವರ್ಷಗಳನ್ನು ಅರ್ಹತೆಯ ಜರಡಿಯಿಂದ ಕೈಬಿಡುವ ಔದಾರ್ಯವನ್ನಾದರೂ ಉದ್ಯಮ ತೋರಬೇಕು.

ಅಲ್ಲಿಯವರೆಗೆ ಅಭ್ಯರ್ಥಿಗಳು ಆಫರ್ ಪತ್ರವನ್ನೇ ಕೆಲಸವೆಂದು ಭಾವಿಸದಿರುವುದು, ಸೇರುವ ದಿನದವರೆಗೂ ಪ್ರಯತ್ನ ನಿಲ್ಲಿಸದಿರುವುದು, ಹಣ ಕೇಳುವ ಯಾವ ನೇಮಕಾತಿಗೂ ಒಪ್ಪದಿರುವುದು ಲೇಸು. ಬೆಂಗಳೂರು ಸಾಫ್ಟ್‌ವೇರ್ ರಾಜಧಾನಿಯಾದದ್ದು ಏನೂ ತಿಳಿಯದ ಹೊಸಬರಿಗೆ ಕಲಿಸಿ ಬೆಳೆಸಿದ್ದರಿಂದ. ಅದರ ಫಲ ಉಂಡ ಉದ್ಯಮ ಮುಂದಿನ ತಲೆಮಾರಿಗೆ ಮೊದಲ ಮೆಟ್ಟಿಲನ್ನೇ ಕಿತ್ತುಕೊಳ್ಳುವುದು ಸರಿಯೇ?