ಬಿಸಿ ಡಾಂಬರಿನ ಮುಂದೆ ಹವಾಯಿ ಚಪ್ಪಲಿ

ಮುಂಬಯಿಯ ವಡಾಲದ ರಫಿ ಅಹ್ಮದ್ ಕಿದ್ವಾಯಿ ರಸ್ತೆಯಲ್ಲಿ ಗುಂಡಿ ಮುಚ್ಚಲು ಮಾಸ್ಟಿಕ್ ಎಂಬ ಬಿಸಿ ಡಾಂಬರಿನ ಮಿಶ್ರಣ ಹಾಕುವವರನ್ನು ನೋಡುತ್ತಲೇ ಇರುತ್ತೇನೆ. ಹೊಗೆಯಾಡುವ ಕರಿ ಮುದ್ದೆಯನ್ನು ಬಾಂಡ್ಲಿಯಲ್ಲಿ ಹೊತ್ತು ತರುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರೂ ಇರುತ್ತಾರೆ. ಕನ್ನಡದಲ್ಲಿ ಮಾತಾಡಿಸಿದರೆ ‘ಯಾವೂರ್ರೀ ನಿಮ್ದು?’ ಎಂದು ನಗುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಗೆ ಗೋಣಿಚೀಲದ ತುಂಡು. ರಸ್ತೆಯ ಗುಣಮಟ್ಟಕ್ಕಾಗಿ ನಾವೆಲ್ಲ ಜಗಳ ಆಡುತ್ತೇವೆ, ಆ ಕಾಲುಗಳಿಗಾಗಿ ಯಾರೂ ಆಡುವುದಿಲ್ಲ. ನನ್ನ ತಕರಾರು ಇದೇ.

ರಸ್ತೆ ಸಾಮಗ್ರಿ ಪರೀಕ್ಷಿಸುವ ಲ್ಯಾಬಿನಲ್ಲಿ ಬಹುಕಾಲ ದುಡಿದವನು ನಾನು, ಡಾಂಬರು ಬಿಸಿಗೆ ಹೇಗೆ ವರ್ತಿಸುತ್ತದೆಂದು ಬಲ್ಲೆ. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಪೂರ್ತಿ ಕರಗುವ ತನಕ ಉಷ್ಣಾಂಶ ಅಲ್ಲೇ ನಿಂತಿರುತ್ತದೆ. ಡಾಂಬರಿಗೆ ಅಂಥ ಗಡಿಯಿಲ್ಲ. ಅದು ಹಗುರ, ಭಾರ ಎಲ್ಲ ಬಗೆಯ ಅಣುಗಳ ಬೆರಕೆ. ಅವು ಒಟ್ಟಾಗಿ ಹರಳುಗಟ್ಟುವುದೂ ಇಲ್ಲ, ಒಮ್ಮೆಲೇ ಕರಗುವುದೂ ಇಲ್ಲ. ಹಾಗಾಗಿ ನಾವು ಅಳೆಯುತ್ತಿದ್ದದ್ದು ಅದು ಎಷ್ಟು ಬಿಸಿಗೆ ಮೆದುವಾಗುತ್ತದೆ ಎಂಬುದನ್ನು. ಹಿತ್ತಾಳೆ ಉಂಗುರದಲ್ಲಿ ಡಾಂಬರು ತುಂಬಿ, ಮೇಲೆ ಮೂರೂವರೆ ಗ್ರಾಂನ ಉಕ್ಕಿನ ಗುಂಡು ಇಟ್ಟು, ನೀರಿನಲ್ಲಿ ಮುಳುಗಿಸಿ, ನಿಮಿಷಕ್ಕೆ 5 ಡಿಗ್ರಿಯಂತೆ ಕಾಯಿಸಬೇಕು. ಎಷ್ಟೋ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಗುಂಡು ಡಾಂಬರನ್ನು ಜಗ್ಗಿಕೊಂಡು ಮೆಲ್ಲಗೆ ಜೋತುಬಿದ್ದು, 25 ಮಿಲಿಮೀಟರ್ ಕೆಳಗಿನ ತಗಡನ್ನು ಮುಟ್ಟುತ್ತದೆ. ಆಗಿನ ಉಷ್ಣಾಂಶವೇ ಲೆಕ್ಕ. ರಸ್ತೆಗೆ ಬಳಸುವ ವಿಜಿ-30 ಡಾಂಬರಿಗೆ ಅದು ಕನಿಷ್ಠ 47 ಡಿಗ್ರಿ ಇರಬೇಕು. ಮಾಸ್ಟಿಕ್‌ಗೆ ಹಾಕುವ ಗಟ್ಟಿ ಡಾಂಬರು ಮೆದುವಾಗುವುದು 85ರ ಆಸುಪಾಸಿನಲ್ಲಿ, ಅದಕ್ಕೆ ನೀರಿನ ಬದಲು ಗ್ಲಿಸರಿನ್ ಬಳಸುತ್ತಿದ್ದೆವು.

ಈ ಗಟ್ಟಿ ಡಾಂಬರಿಗೆ ಸುಣ್ಣಕಲ್ಲಿನ ಪುಡಿ, ಮರಳು, ಜಲ್ಲಿ ಸೇರಿಸಿ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕುದಿನೀರು ಮೈಮೇಲೆ ಚೆಲ್ಲಿದರೆ ಹರಿದು ಹೋಗುತ್ತದೆ. ಇದು ಹರಿಯುವುದಿಲ್ಲ, ಹಿಡಿದುಕೊಳ್ಳುತ್ತದೆ. ತಣಿಯುತ್ತಾ ಮಂದವಾಗುತ್ತದೆ, ಮಂದವಾದಷ್ಟೂ ಬಿಗಿಯಾಗಿ ಅಂಟುತ್ತದೆ, ಅಷ್ಟು ಹೊತ್ತೂ ತನ್ನ ಬಿಸಿಯನ್ನು ಚರ್ಮದೊಳಕ್ಕೆ ಇಳಿಸುತ್ತಿರುತ್ತದೆ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಸುಡುತ್ತಿರುತ್ತದೆ. ಅವಸರಕ್ಕೆ ಕಿತ್ತರೆ ಚರ್ಮವೇ ಕಿತ್ತುಬರುತ್ತದೆ.

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾನೂನು 1996ರಲ್ಲೇ ಬಂತು. ರಸ್ತೆ ಕೆಲಸವೂ ಅದರಲ್ಲಿ ಸೇರಿತ್ತು. ಇಷ್ಟು ವರ್ಷಗಳಾದ ಮೇಲೂ ಒಂದು ಜೊತೆ ಬೂಟಿಗೆ ಗತಿಯಿಲ್ಲವೆಂದರೆ ಅದಕ್ಕೆ ದುಡ್ಡಿನ ಕೊರತೆ ಕಾರಣವಲ್ಲ, ಕೇಳುವವರಿಲ್ಲದಿರುವುದು ಕಾರಣ. ಡಾಂಬರಿನ ದರ್ಜೆ ಇಂಥದ್ದೇ ಇರಬೇಕೆಂದು ಟೆಂಡರಿನಲ್ಲಿ ಬರೆಯುವವರು ಬೂಟು, ಉದ್ದ ತೋಳಿನ ಕೈಗವಸು, ಪಕ್ಕದಲ್ಲೊಂದು ಡ್ರಮ್ ತಣ್ಣೀರು ಇರಲೇಬೇಕೆಂದೂ ಬರೆಯಬೇಕು. ಇವಿಲ್ಲದ ಕೆಲಸಕ್ಕೆ ಬಿಲ್ ಪಾಸಾಗಬಾರದು.

ನಿಮ್ಮ ಬೀದಿಯಲ್ಲಿ ಯಾರ ಮೇಲಾದರೂ ಬಿಸಿ ಡಾಂಬರು ಬಿದ್ದರೆ ಕೀಳಬೇಡಿ, ಸೀಮೆಎಣ್ಣೆ ಹಚ್ಚಬೇಡಿ. 20 ನಿಮಿಷ ತಣ್ಣೀರು ಸುರಿಯುತ್ತಲೇ ಇರಿ, ಡಾಂಬರು ಅಂಟಿರುವ ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲಸ ಶುರುವಾಗುವ ಮೊದಲೇ ಮುಕಾದಮನನ್ನು ಕರೆದು, ಇವರ ಬೂಟು ಎಲ್ಲಿ ಎಂದು ಕೇಳಿ.